ಫೋನಿಗೆ ಕೆಲಸ ಹಚ್ಚುವ ಮುಂಚೆ: ಕಲಬುರಗಿಯಲ್ಲಿ ಮಾಡಿದ ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ದಿನಾ ಫೋನಿನಲ್ಲಿ ಕೈಯಾರೆ ಮಾಡುವ ಕೆಲಸಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಆಫೀಸಿಗೆ ಹೋದ ಕೂಡಲೇ ರಿಂಗ್ ಬಂದ್ ಮಾಡುತ್ತೇವೆ. ಹೊರಗೆ ಬಂದ ಮೇಲೆ ಮತ್ತೆ ಆನ್ ಮಾಡಬೇಕು, ಅದು ಮರೆತೇ ಹೋಗುತ್ತದೆ. ರಾತ್ರಿ ಅವ್ವನಿಗೆ ಫೋನ್ ಮಾಡಿ ಗುಳಿಗೆ ತಗೊಂಡ್ಯಾ ಅಂತ ಕೇಳುತ್ತೇವೆ. ಹೊಲ ಇದ್ದವರು ಕರೆಂಟ್ ಬಂತಾ ಅಂತ ಪಕ್ಕದ ಹೊಲದವರನ್ನು ಕೇಳುತ್ತಾರೆ. ಇವೆಲ್ಲ ಫೋನ್ ತಾನೇ ಮಾಡಬಲ್ಲ ಕೆಲಸಗಳು. ಅದಕ್ಕೆ ಕೋಡಿಂಗ್ ಬರಬೇಕಾಗಿಲ್ಲ, ಹೊಸ ಫೋನೂ ಬೇಕಾಗಿಲ್ಲ.

ಇವನ್ನು ಮಾಡಿಸುವ ಆಪ್‌ಗಳ ಬಗ್ಗೆ ಜಾಸ್ತಿ ಹೊತ್ತು ಹೇಳುವುದಿಲ್ಲ. ಆಂಡ್ರಾಯ್ಡ್ ಇದ್ದವರು ಮ್ಯಾಕ್ರೋಡ್ರಾಯ್ಡ್‌ನಿಂದ ಶುರು ಮಾಡಿ. ಫೋನ್ ಯಾವಾಗ ಏನು ಮಾಡಬೇಕು ಅಂತ ನಾವು ಬರೆದಿಡುವ ಒಂದೊಂದು ಸೂಚನೆಗೆ ಮ್ಯಾಕ್ರೋ ಅನ್ನುತ್ತಾರೆ. ಪುಕ್ಕಟೆ ಆವೃತ್ತಿಯಲ್ಲಿ ಐದು ಮ್ಯಾಕ್ರೋ ಮಾಡಬಹುದು, ಮೊದಲಿಗೆ ಅಷ್ಟು ಸಾಕು. ಟಾಸ್ಕರ್ ಇನ್ನೂ ಬಲವಾದದ್ದು, ಆದರೆ ದುಡ್ಡು ಕೊಡಬೇಕು, ಕಲಿಯಲು ತಾಳ್ಮೆಯೂ ಬೇಕು. ಸ್ಯಾಮ್‌ಸಂಗ್ ಫೋನ್ ಇದ್ದರೆ ಸೆಟ್ಟಿಂಗ್ಸ್ ಒಳಗೆ ಮೋಡ್ಸ್ ಅಂಡ್ ರೂಟೀನ್ಸ್ ಇದೆಯಾ ನೋಡಿ. ಐಫೋನ್, ಐಪ್ಯಾಡ್ ಇದ್ದವರಿಗೆ ಶಾರ್ಟ್‌ಕಟ್ಸ್ ಇದೆ. ಅದು ಮೊದಲು ವರ್ಕ್‌ಫ್ಲೋ ಅನ್ನುವ ಬೇರೆಯವರ ಆಪ್ ಆಗಿತ್ತು. ಆಪಲ್ 2017ರಲ್ಲಿ ಅದನ್ನು ಕೊಂಡುಕೊಂಡು 2018ರಲ್ಲಿ ಶಾರ್ಟ್‌ಕಟ್ಸ್ ಹೆಸರಿನಲ್ಲಿ ಹೊರತಂದಿತು.

ಹೆಸರು ಯಾವುದೇ ಇರಲಿ, ಒಳಗಿನ ಲೆಕ್ಕ ಒಂದೇ. ಏನಾದಾಗ ಶುರುವಾಗಬೇಕು, ಅದು ಟ್ರಿಗರ್. ಆಗ ಏನು ಮಾಡಬೇಕು, ಅದು ಆಕ್ಷನ್. ಮೂರನೆಯದು ಷರತ್ತು: ಟ್ರಿಗರ್ ಆದರೂ ಯಾವ ಸಂದರ್ಭದಲ್ಲಿ ಮಾಡಬಾರದು. ಕಲಿಸುವವರು ಮೊದಲ ಎರಡನ್ನು ಹೇಳಿ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಅಸಲಿ ಕೆಲಸ ಇರುವುದು ಮೂರನೆಯದರಲ್ಲೇ. ಫೋನಿಗೆ ಮಾಡು ಅನ್ನುವುದು ಸುಲಭ. ಯಾವಾಗ ಬೇಡ, ಯಾವಾಗ ನಿಲ್ಲಿಸಬೇಕು ಅಂತ ಹೇಳಬೇಕಾದರೆ ನಮ್ಮ ದಿನ ಹೇಗೆ ನಡೆಯುತ್ತದೆ ಅಂತ ನಮಗೇ ಗೊತ್ತಿರಬೇಕು.

ನಮ್ಮ ಊರಿನದೇ ಉದಾಹರಣೆ ತಗೊಳ್ಳೋಣ. ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡುವವರು ಬೆಳಿಗ್ಗೆ 10ರಿಂದ ಸಂಜೆ 5:30ರ ತನಕ ಫೋನ್ ಸೈಲೆಂಟ್ ಇರಲಿ ಅಂತ ಸಮಯ ಹಾಕುತ್ತಾರೆ. ಚೆನ್ನಾಗೇ ನಡೆಯುತ್ತದೆ. ಏಪ್ರಿಲ್ ಬಂತು. ನಮ್ಮ ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಸಲುವಾಗಿ ಏಪ್ರಿಲ್, ಮೇ ತಿಂಗಳು ಆಫೀಸ್ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಗುತ್ತದೆ. ಈಗ ಎಂಟಕ್ಕೆ ಮೀಟಿಂಗ್‌ನಲ್ಲಿ ಕೂತಾಗ ಫೋನ್ ಜೋರಾಗಿ ಹೊಡೆದುಕೊಳ್ಳುತ್ತದೆ, ಮಧ್ಯಾಹ್ನ ಮನೆಯಲ್ಲಿ ಇದ್ದಾಗ ಸುಮ್ನೆ ಬಿದ್ದಿರುತ್ತದೆ. ಫೋನ್ ಹೇಳಿದ್ದನ್ನೇ ಮಾಡಿತು. ಆದರೆ ನಮಗೆ ಬೇಕಾಗಿದ್ದು ಹತ್ತು ಗಂಟೆ ಅಲ್ಲ, ಆಫೀಸ್. ಹಾಗಾಗಿ ಟ್ರಿಗರ್ ಸಮಯ ಆಗಬಾರದು, ಜಾಗ ಆಗಬೇಕು. ಆಫೀಸಿನ ವೈಫೈ ಸಿಕ್ಕರೆ ಸೈಲೆಂಟ್, ವೈಫೈ ಬಿಟ್ಟರೆ ರಿಂಗ್. ವೈಫೈ ಇಲ್ಲದಿದ್ದರೆ ಲೊಕೇಶನ್ ಇಡಿ. ಅದಕ್ಕೆ ಲೊಕೇಶನ್ ಅನುಮತಿ ‘ಯಾವಾಗಲೂ’ ಅಂತ ಕೊಡಬೇಕು. ಆಪ್ ತೆರೆದಿರುವಾಗ ಮಾತ್ರ ಅಂತ ಕೊಟ್ಟರೆ ಜೇಬಿನಲ್ಲಿದ್ದಾಗ ನಡೆಯುವುದಿಲ್ಲ.

ಮಸೀದಿಗೆ ಹೋಗುವವರ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಮಾಜಿನ ಸಮಯ ಸೂರ್ಯನ ಮೇಲೆ ನಿಂತಿದೆ, ದಿನಾ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಸೂರ್ಯ ಮುಳುಗಿದ ಕೂಡಲೇ ಮಾಡುವ ಮಗ್ರಿಬ್ ನಮಾಜಿಗೆ ಅಂತ 6:30 ಹಾಕಿಟ್ಟರೆ ಸ್ವಲ್ಪ ದಿನಕ್ಕೇ ತಪ್ಪುತ್ತದೆ. ಮ್ಯಾಕ್ರೋಡ್ರಾಯ್ಡ್‌ನಲ್ಲೂ ಶಾರ್ಟ್‌ಕಟ್ಸ್‌ನಲ್ಲೂ ಸೂರ್ಯಾಸ್ತವನ್ನೇ ಟ್ರಿಗರ್ ಆಗಿ ಇಡಬಹುದು. ಅಲ್ಲಿಂದ ಇಷ್ಟು ನಿಮಿಷ ಸೈಲೆಂಟ್, ಆಮೇಲೆ ಮತ್ತೆ ರಿಂಗ್. ಗುಡಿಗೆ, ಜಾತ್ರೆಗೆ ಹೋಗುವವರಿಗೆ ಜಾಗದ ಟ್ರಿಗರ್ ಸಾಕು.

ಆಮೇಲೆ ಮತ್ತೆ ರಿಂಗ್ ಅಂದೆನಲ್ಲ, ಜನ ಎಡವುವುದು ಅಲ್ಲಿಯೇ. ಮಾಡಿದ್ದನ್ನು ವಾಪಸ್ ಮಾಡು ಅಂತ ಎಲ್ಲಾ ಆಪ್‌ಗಳಿಗೂ ತಾನಾಗಿ ತಿಳಿಯುವುದಿಲ್ಲ. ಸ್ಯಾಮ್‌ಸಂಗ್ ರೂಟೀನ್‌ನಲ್ಲಿ ಷರತ್ತು ಮುಗಿದ ಕೂಡಲೇ ಸೆಟ್ಟಿಂಗ್ ಮೊದಲಿನ ಹಾಗೆ ಆಗುವ ವ್ಯವಸ್ಥೆ ಇದೆ. ಟಾಸ್ಕರ್‌ನಲ್ಲಿ ಎಕ್ಸಿಟ್ ಟಾಸ್ಕ್ ಅಂತ ಬೇರೆ ಬರೆಯಬಹುದು. ಮ್ಯಾಕ್ರೋಡ್ರಾಯ್ಡ್, ಶಾರ್ಟ್‌ಕಟ್ಸ್‌ನಲ್ಲಿ ಸಾಮಾನ್ಯವಾಗಿ ಹೋದಾಗ ಒಂದು, ಬಂದಾಗ ಒಂದು ಅಂತ ಜೋಡಿ ಮಾಡಬೇಕು. ಸೈಲೆಂಟ್ ಮಾಡುವ ಮ್ಯಾಕ್ರೋ ಬರೆದ ದಿನವೇ ಅದರ ಜೋಡಿಯನ್ನೂ ಬರೆದುಬಿಡಿ. ನಾಳೆ ಮಾಡೋಣ ಅಂತ ಬಿಡಬೇಡಿ.

ಈಗ ಹೊಲಕ್ಕೆ ಬರೋಣ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಒಮ್ಮೊಮ್ಮೆ ರಾತ್ರಿ ಬರುತ್ತದೆ. ಅದು ಯಾವಾಗ ಬಂತು ಅಂತ ನೋಡಲು ಕತ್ತಲಲ್ಲಿ ಹೊಲಕ್ಕೆ ಹೋಗಬೇಕು, ಹಾವು ಹುಳದ ಭಯ ಬೇರೆ. ದೂರದಿಂದ ಫೋನಿನಲ್ಲೇ ಪಂಪ್ ಶುರು ಮಾಡಲು ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಪೇಟೆಯಲ್ಲಿ ಸಿಗುತ್ತದೆ, ಕೊಳ್ಳಲು ಆಗುವವರು ಅದನ್ನೇ ಕೊಳ್ಳಿ. ಆಗದವರ ಮನೆಯಲ್ಲೂ ಮೂಲೆಯಲ್ಲಿ ಬಿದ್ದ ಹಳೇ ಆಂಡ್ರಾಯ್ಡ್ ಫೋನ್ ಒಂದು ಇರುತ್ತದೆ, ಅಲ್ವಾ? ಅದನ್ನು ಚಾರ್ಜರ್‌ಗೆ ಹಚ್ಚಿ ಪಂಪಿನ ಕೋಣೆಯಲ್ಲಿ ಇಡಿ. ಟ್ರಿಗರ್: ಚಾರ್ಜರ್‌ಗೆ ಕರೆಂಟ್ ಬಂತು. ಆಕ್ಷನ್: ನಿಮ್ಮ ನಂಬರ್‌ಗೆ ‘ಕರೆಂಟ್ ಬಂತು’ ಅಂತ ಎಸ್ಸೆಮ್ಮೆಸ್. ಇನ್ನೊಂದು ಮ್ಯಾಕ್ರೋದಲ್ಲಿ ಕರೆಂಟ್ ಹೋದಾಗ ‘ಹೋಯಿತು’ ಅಂತ. ಇಂಟರ್ನೆಟ್ ಬೇಡ, ಎಸ್ಸೆಮ್ಮೆಸ್ ಇರುವ ರೀಚಾರ್ಜ್ ಸಾಕು.

ಇಷ್ಟು ಹೇಳಿ ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಷರತ್ತು ನೋಡಿ. ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತದೆ, ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಪ್ರತಿ ಸಲ ಎಸ್ಸೆಮ್ಮೆಸ್ ಹೋದರೆ ಆ ದಿನದ ಎಸ್ಸೆಮ್ಮೆಸ್ ಅಷ್ಟೂ ಖಾಲಿ. ಹಾಗಾಗಿ ಮೊದಲು ಎರಡು ನಿಮಿಷ ಕಾಯಿ, ಇನ್ನೂ ಚಾರ್ಜ್ ಆಗುತ್ತಿದ್ದರೆ ಮಾತ್ರ ಕಳಿಸು ಅಂತ ಹಾಕಿ. ಎರಡನೆಯದು ಇನ್ನೂ ಮುಖ್ಯ. ಚಾರ್ಜರ್ ಕೂತಿರುವುದು ಒಂದು ಫೇಸ್ ಮೇಲೆ. ಸಿಂಗಲ್ ಫೇಸ್ ಬಂದಾಗಲೂ ಫೋನ್ ಚಾರ್ಜ್ ಆಗುತ್ತದೆ, ಎಸ್ಸೆಮ್ಮೆಸ್ ಹೋಗುತ್ತದೆ. ನೀವು ಅದನ್ನು ನಂಬಿ ಹೋದರೆ ಮೋಟರ್ ನಡೆಯುವುದಿಲ್ಲ. ಮೂರೂ ಫೇಸ್ ಇದ್ದಾಗ ಮಾತ್ರ ಚಾರ್ಜರ್‌ಗೆ ಕರೆಂಟ್ ಹೋಗುವ ಹಾಗೆ ರಿಲೇ, ಅಂದರೆ ಕರೆಂಟಿನಿಂದ ತಾನೇ ಆನ್ ಆಫ್ ಆಗುವ ಸ್ವಿಚ್, ಮೂಲಕ ಸಂಪರ್ಕ ಕೊಡಿಸಬೇಕು. ಅದನ್ನು ಎಲೆಕ್ಟ್ರಿಶಿಯನ್ ಕೈಯಿಂದಲೇ ಮಾಡಿಸಿ, ನೀವು ತಂತಿಗೆ ಕೈ ಹಾಕಬೇಡಿ. ಇನ್ನು ಪಂಪ್ ಶುರು ಮಾಡುವ ಕೆಲಸವನ್ನು ಈ ಹಳೇ ಫೋನಿಗೆ ವಹಿಸಬೇಡಿ. ಬೋರಿನಲ್ಲಿ ನೀರಿಲ್ಲದೆ ಮೋಟರ್ ಓಡಿದರೆ ಸುಟ್ಟು ಹೋಗುತ್ತದೆ, ಫೋನಿಗೆ ಅದು ಕಾಣುವುದಿಲ್ಲ. ಸುದ್ದಿ ತಿಳಿಸುವುದು ಫೋನಿನ ಕೆಲಸ, ಬಟನ್ ಒತ್ತುವುದು ನಿಮ್ಮದು.

ತಗಡಿನ ಕೋಣೆಯಲ್ಲಿ ಫೋನ್ ಇಟ್ಟರೆ ಧಗೆಯ ಮಾತು ಬಂದೇ ಬರುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುತ್ತದೆ. ಆಪಲ್ ತನ್ನ ಐಫೋನುಗಳನ್ನು 0ರಿಂದ 35 ಡಿಗ್ರಿ ಇರುವ ಜಾಗದಲ್ಲಿ ಬಳಸಿ ಅನ್ನುತ್ತದೆ. ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನ ಆ ಲೆಕ್ಕದಿಂದ ಆಚೆಗೇ ಇದೆ. ಲಿಥಿಯಂ ಬ್ಯಾಟರಿ ಬಿಸಿಯಲ್ಲಿ, ಅದರಲ್ಲೂ ಪೂರ್ತಿ ಚಾರ್ಜ್ ಆಗಿ ಬಿಸಿಯಲ್ಲಿ ಕೂತರೆ, ಬೇಗ ಸವೆಯುತ್ತದೆ, ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯ ಫೋನನ್ನು ಹೊಲದಲ್ಲಿ ಇಡಲೇಬೇಡಿ. ನೆರಳು ಇರಲಿ, ಗಾಳಿ ಆಡಲಿ, ಸುತ್ತ ಹೊಟ್ಟು ಕಟ್ಟಿಗೆ ಇರಬಾರದು. ನೀವು ದಿನಾ ಬಳಸುವ ಫೋನಿಗೂ ಒಂದು ಮ್ಯಾಕ್ರೋ ಇಡಿ. ಮ್ಯಾಕ್ರೋಡ್ರಾಯ್ಡ್‌ನಲ್ಲಿ ಬ್ಯಾಟರಿಯ ಬಿಸಿಯೇ ಟ್ರಿಗರ್ ಆಗಬಲ್ಲದು. 42 ಡಿಗ್ರಿ ದಾಟಿದರೆ ಬೆಳಕು ಕಡಿಮೆ ಮಾಡು, ‘ಚಾರ್ಜರ್ ತೆಗಿ’ ಅಂತ ಕನ್ನಡದಲ್ಲಿ ಹೇಳು. ಗೂಗಲ್‌ನ ಧ್ವನಿ ಕನ್ನಡ ಓದುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಧ್ವನಿ ಇಳಿಸಿಕೊಳ್ಳಬೇಕು ಅಷ್ಟೇ.

ಆ ಧ್ವನಿಯ ಅಸಲಿ ಉಪಯೋಗ ಮನೆಯ ಹಿರಿಯರಿಗೆ. ರಾತ್ರಿ 8ಕ್ಕೆ ಟ್ಯಾಬ್ಲೆಟ್ ‘ಅವ್ವಾ, ಬಿಪಿ ಗುಳಿಗೆ ತಗೋ’ ಅಂದರೆ ಓದಲು ಬಾರದವರಿಗೂ ತಿಳಿಯುತ್ತದೆ. ಆದರೆ ಒಮ್ಮೆ ಹೇಳಿ ಸುಮ್ಮನಾಗಬಾರದು. ಪರದೆಯ ಮೇಲೆ ದೊಡ್ಡ ಬಟನ್ ಇಡಿ. ಅದನ್ನು ಒತ್ತುವ ತನಕ ಹತ್ತು ನಿಮಿಷಕ್ಕೊಮ್ಮೆ ಹೇಳಲಿ. ಅರ್ಧ ಗಂಟೆಯಾದರೂ ಒತ್ತದಿದ್ದರೆ ಮಗನಿಗೋ ಮಗಳಿಗೋ ಎಸ್ಸೆಮ್ಮೆಸ್ ಹೋಗಲಿ. ಸಿಮ್ ಇಲ್ಲದ ಟ್ಯಾಬ್ಲೆಟ್ ಆದರೆ ಈ ಕೊನೆಯ ಕೆಲಸ ಫೋನಿನಲ್ಲಿ ಮಾಡಿ. ಬೆಂಗಳೂರು, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋದ ಮಕ್ಕಳು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಅವರಿಗೆ ಇದು ದೊಡ್ಡ ಸಮಾಧಾನ.

ಮಾಡಿದೆ, ಎರಡು ದಿನ ನಡೆಯಿತು, ಆಮೇಲೆ ನಿಂತಿತು ಅಂತ ಬಹಳ ಜನ ಹೇಳುತ್ತಾರೆ. ಕಾರಣ ಮ್ಯಾಕ್ರೋ ಅಲ್ಲ. 2015ರ ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ವ್ಯವಸ್ಥೆ ಇದೆ. ಫೋನ್ ಅಲುಗಾಡದೆ ಬಿದ್ದಿದ್ದರೆ ಬ್ಯಾಟರಿ ಉಳಿಸಲು ಹಿಂದೆ ನಡೆಯುವ ಆಪ್‌ಗಳನ್ನು ಮಲಗಿಸುತ್ತದೆ. ಕೆಲವು ಕಂಪನಿಗಳು ಅದರ ಮೇಲೆ ತಮ್ಮದೂ ಒಂದು ಬಿಗಿ ಹಾಕಿರುತ್ತವೆ. ಬ್ಯಾಟರಿ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಆಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ, ಆಟೋಸ್ಟಾರ್ಟ್ ಅಂತ ಇದ್ದರೆ ಆನ್ ಮಾಡಿ. ಇನ್ನು ಮೊಬೈಲ್ ಡೇಟಾ ತಾನೇ ಬಂದ್ ಆಗಲಿ ಅಂತ ಕೇಳುವವರಿಗೆ ಒಂದು ಮಾತು. ಸಾಮಾನ್ಯ ಆಪ್‌ಗಳಿಗೆ ಆ ಹಕ್ಕನ್ನು ಆಂಡ್ರಾಯ್ಡ್ ಕೊಟ್ಟಿಲ್ಲ. ಐಫೋನಿನ ಶಾರ್ಟ್‌ಕಟ್ಸ್‌ನಲ್ಲಿ ಆಗುತ್ತದೆ.

ಅನುಮತಿಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟರೆ ಒಟಿಪಿಯನ್ನೂ ಓದಲು ಕೊಟ್ಟ ಹಾಗೆ. ಅಕ್ಸೆಸಿಬಿಲಿಟಿ ಅನುಮತಿ ಕೊಟ್ಟ ಆಪ್ ನಿಮ್ಮ ಪರದೆ ನೋಡಬಹುದು, ನಿಮ್ಮ ಪರವಾಗಿ ಒತ್ತಬಹುದು. ಮದುವೆ ಪತ್ರಿಕೆ ಅಂತಲೋ ಸರ್ಕಾರದ ಯೋಜನೆ ಅಂತಲೋ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲುಗಳು, ಅಂದರೆ ಒತ್ತಿದರೆ ಆಪ್ ಹಾಕಿಬಿಡುವ ಫೈಲುಗಳು, ಹೀಗೇ ಖಾತೆ ಖಾಲಿ ಮಾಡುತ್ತವೆ. ಆಂಡ್ರಾಯ್ಡ್ 13ರಿಂದ, ಪ್ಲೇ ಸ್ಟೋರ್ ಬಿಟ್ಟು ಹೀಗೆ ಹೊರಗಿನಿಂದ ಹಾಕಿದ ಆಪ್‌ಗೆ ಅಕ್ಸೆಸಿಬಿಲಿಟಿ ಅನುಮತಿ ಕೊಡಲು ಹೋದರೆ ಫೋನೇ ತಡೆಯುತ್ತದೆ. ಆ ತಡೆಯನ್ನು ತೆಗೆಯಿರಿ ಅಂತ ಯಾರಾದರೂ ಫೋನಿನಲ್ಲಿ ಹೇಳಿಕೊಟ್ಟರೆ ಅಲ್ಲಿಗೇ ಕಟ್ ಮಾಡಿ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳಿಸುವುದು, ಒಟಿಪಿ ಮುಂದಕ್ಕೆ ಕಳಿಸುವುದು, ಇವಕ್ಕೆ ಮ್ಯಾಕ್ರೋ ಮಾಡಲೇಬೇಡಿ. ಎಷ್ಟೇ ಅನುಕೂಲ ಅನ್ನಿಸಿದರೂ ಬೇಡ.

ನನ್ನ ಮಾತು ಇಷ್ಟೇ. ಈಗ ಫೋನ್ ತೆಗೆಯಿರಿ, ಒಂದೇ ಒಂದು ಮ್ಯಾಕ್ರೋ ಮಾಡೋಣ. ಆಫೀಸಿನವರು, ಮಾಸ್ತರರು ವೈಫೈ ಮ್ಯಾಕ್ರೋದಿಂದ ಶುರು ಮಾಡಿ. ಹೊಲದವರು ಎಡಗಡೆ ಟೇಬಲ್‌ಗೆ ಬನ್ನಿ, ಅಲ್ಲಿ ಚಾರ್ಜರ್ ಮತ್ತು ಸ್ವಿಚ್ ಬೋರ್ಡ್ ಇದೆ. ಸ್ವಿಚ್ ಆನ್ ಆಫ್ ಮಾಡಿ, ಎಸ್ಸೆಮ್ಮೆಸ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನಿಮ್ಮ ಕಣ್ಣಾರೆ ನೋಡೋಣ.