ಅಪೋಪ್ಕಾ ಸರೋವರದ ಮೊಸಳೆ ಮೊಟ್ಟೆಗಳು

ಕೇಳುಗರಿಗೆ ನಮಸ್ಕಾರ.

ಮೊಸಳೆಯ ಗೂಡಿನಿಂದ ಮೊಟ್ಟೆ ತೆಗೆಯಲು ಹೋಗುವವರ ಜೇಬಿನಲ್ಲಿ ಒಂದು ಪೆನ್ಸಿಲ್ ಇರಲೇಬೇಕು. ಮೊಟ್ಟೆಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅದರ ನೆತ್ತಿಯ ಮೇಲೊಂದು ಗೆರೆ ಎಳೆಯುತ್ತಾರೆ. ಆಮೇಲೆ ಅದು ಎಲ್ಲಿಗೇ ಹೋದರೂ ಗೆರೆ ಮೇಲ್ಮುಖವಾಗಿಯೇ ಇರಬೇಕು. ಕಾವಿಗೆ ಕುಳಿತ ಕೋಳಿ ತನ್ನ ಮೊಟ್ಟೆಗಳನ್ನು ತಾನೇ ಆಗಾಗ ಹೊರಳಿಸುತ್ತಿರುತ್ತದೆ. ಮೊಸಳೆಯ ಮೊಟ್ಟೆಗೆ ಆ ಉಪಚಾರ ಮಾಡಿದರೆ ಚಿಪ್ಪಿನ ಒಳಪೊರೆಗೆ ಅಂಟಿಕೊಂಡಿರುವ ಭ್ರೂಣ ಸತ್ತೇ ಹೋಗಬಹುದು. ಜೀವ ಹಿಡಿದ ಮೊಟ್ಟೆಯ ಗುರುತೂ ಚಿಪ್ಪಿನ ಮೇಲೆಯೇ ಕಾಣುತ್ತದೆ. ಸುಣ್ಣ ತೊಡೆದಂಥ ಒಂದು ಬಿಳಿ ಮಚ್ಚೆ ಮೂಡಿ, ದಿನ ಕಳೆದಂತೆ ಹಬ್ಬುತ್ತ, ಮೊಟ್ಟೆಯ ಸೊಂಟಕ್ಕೆ ಪಟ್ಟಿ ಕಟ್ಟಿದಂತೆ ಸುತ್ತಿಕೊಳ್ಳುತ್ತದೆ. ಪಟ್ಟಿ ಮೂಡದ ಮೊಟ್ಟೆಯಲ್ಲಿ ಏನೂ ಇಲ್ಲವೆಂದೇ ಲೆಕ್ಕ.

1980ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಹೀಗೆ ಪೆನ್ಸಿಲ್ ಹಿಡಿದು ಗೂಡು ಹುಡುಕುತ್ತಿದ್ದವರ ತಲೆಯಲ್ಲಿ ವಿಷದ ಯೋಚನೆಯೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಅಲ್ಲಿನ ಅಲಿಗೇಟರನ್ನು. ಅದು ನಮ್ಮ ಕಾವೇರಿ, ಕಾಳಿ ನದಿಗಳ ಮೊಸಳೆಗೆ ದೂರದ ನೆಂಟ. ಬಾಯಿ ಮುಚ್ಚಿದರೆ ಕೆಳದವಡೆಯ ಹಲ್ಲು ಕಾಣಿಸುವುದಿಲ್ಲ. ನಮ್ಮ ಮೊಸಳೆ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟರೆ, ಅದು ಹುಲ್ಲು, ಜೊಂಡು, ಕೆಸರು ಎಲ್ಲವನ್ನೂ ತಿಪ್ಪೆಯಂತೆ ಗುಡ್ಡೆ ಹಾಕಿ ಅದರೊಳಗೆ ಇಡುತ್ತದೆ. ತಿಪ್ಪೆ ಕೊಳೆಯುವಾಗ ಹುಟ್ಟುವ ಬಿಸಿಯೂ ಕಾವಿಗೆ ಒದಗುತ್ತದೆ. ಚರ್ಮದ ಆಸೆಗೆ ಬಲಿಯಾಗಿ ಅಳಿವಿನ ಅಂಚಿಗೆ ಹೋಗಿದ್ದ ಈ ಪ್ರಾಣಿಗೆ 1967ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತ್ತು, ಸಂಖ್ಯೆ ಚೇತರಿಸಿಕೊಂಡಿತ್ತು. ಇನ್ನು ಕಾಡಿನ ಗೂಡುಗಳಿಂದ ಎಷ್ಟು ಮೊಟ್ಟೆ ತೆಗೆದು ಸಾಕಣೆ ಕೇಂದ್ರಗಳಿಗೆ ಕೊಡಬಹುದು ಎಂಬ ವ್ಯಾಪಾರದ ಲೆಕ್ಕಕ್ಕಾಗಿ ಸರೋವರಗಳ ಸಮೀಕ್ಷೆ ನಡೆದಿತ್ತು.

ಲೆಕ್ಕ ಒಂದು ಕಡೆ ಹೊಂದಲಿಲ್ಲ. ಒರ್ಲಾಂಡೊ ನಗರದ ವಾಯವ್ಯಕ್ಕಿರುವ ಅಪೋಪ್ಕಾ ಸರೋವರದಲ್ಲಿ ಬಹುಪಾಲು ಮೊಟ್ಟೆಗಳು ಒಡೆದು ಮರಿಯಾಗುತ್ತಲೇ ಇರಲಿಲ್ಲ. ರಾತ್ರಿ ದೋಣಿಯಲ್ಲಿ ಹೋಗಿ ದೀಪ ಬಿಟ್ಟರೆ ಅಲಿಗೇಟರಿನ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಆ ಕಣ್ಣುಗಳನ್ನು ಎಣಿಸುವುದೇ ಅವುಗಳ ಜನಗಣತಿ. 1980ರಿಂದ 1987ರ ನಡುವೆ ಅಪೋಪ್ಕಾದಲ್ಲಿ ಎಳೆಯ ಅಲಿಗೇಟರುಗಳ ಸಂಖ್ಯೆ ಶೇಕಡಾ 90ರಷ್ಟು ಕುಸಿದಿತ್ತು. ದೊಡ್ಡವು ಮಾತ್ರ ಏನೂ ಆಗದವರಂತೆ ದಡದಲ್ಲಿ ಬಿಸಿಲು ಕಾಯಿಸುತ್ತಿದ್ದವು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಸರೋವರದ ಪಕ್ಕದಲ್ಲೇ ಟವರ್ ಕೆಮಿಕಲ್ ಎಂಬ ಕಂಪನಿಯ ಕೀಟನಾಶಕ ಕಾರ್ಖಾನೆಯಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಡೈಕೋಫಾಲ್, ಬೆಳೆಗೆ ಬೀಳುವ ನುಸಿಯನ್ನು ಕೊಲ್ಲುವ ವಿಷ. ಅದನ್ನು ತಯಾರಿಸುವುದು ಡಿಡಿಟಿಯಿಂದಲೇ, ಹಾಗಾಗಿ ಡಿಡಿಟಿಯ ಅಂಶ ಅದರಲ್ಲಿ ಉಳಿದುಬಿಡುತ್ತಿತ್ತು. ಅಮೆರಿಕ 1972ರಲ್ಲೇ ಡಿಡಿಟಿಯನ್ನು ನಿಷೇಧಿಸಿತ್ತು ಎಂಬುದು ಇಲ್ಲಿ ನೆನಪಿರಲಿ. 1980ರಲ್ಲಿ ಈ ಕಾರ್ಖಾನೆಯ ತ್ಯಾಜ್ಯದ ಹೊಂಡ ಉಕ್ಕಿ ಹರಿಯಿತು.

ಹಾಗಿದ್ದರೂ ಒಂದು ತೊಡಕು ಉಳಿದಿತ್ತು. ಕೆಲವು ವರ್ಷಗಳ ನಂತರ ನೀರನ್ನು ಪರೀಕ್ಷಿಸಿದರೆ ಅದರಲ್ಲಿ ಹೇಳಿಕೊಳ್ಳುವಂಥ ವಿಷವೇ ಇರಲಿಲ್ಲ. ವಿಷ ಇದ್ದದ್ದು ಕೊಬ್ಬಿನಲ್ಲಿ. ಡಿಡಿಟಿ ಒಡೆದು ಆಗುವ ಡಿಡಿಇ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಕೆಸರಿನಿಂದ ಹುಳಕ್ಕೆ, ಹುಳದಿಂದ ಮೀನಿಗೆ, ಮೀನಿನಿಂದ ಅಲಿಗೇಟರಿಗೆ ಸಾಗುತ್ತ ಹೆಚ್ಚುತ್ತ ಹೋಗುತ್ತದೆ. ಕೊನೆಗೆ ತಾಯಿ ತನ್ನ ಮೈಯ ಕೊಬ್ಬನ್ನು ಮೊಟ್ಟೆಯ ಹಳದಿಗೆ ತುಂಬುತ್ತಾಳಲ್ಲ, ಅದರ ಜೊತೆಗೆ ಡಿಡಿಇಯನ್ನೂ ಮಗುವಿಗೆ ಬುತ್ತಿ ಕಟ್ಟಿಕೊಡುತ್ತಾಳೆ.

ಫ್ಲಾರಿಡಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಲೂಯಿಸ್ ಗಿಲೆಟ್ ಮತ್ತು ಸಂಗಡಿಗರು ಅಪೋಪ್ಕಾದ ಮೊಟ್ಟೆಗಳನ್ನೂ, ಅಷ್ಟಾಗಿ ಕೆಡದಿದ್ದ ವುಡ್ರಫ್ ಸರೋವರದ ಮೊಟ್ಟೆಗಳನ್ನೂ ತಂದು ಮರಿ ಮಾಡಿಸಿದರು. ಆರು ತಿಂಗಳಾದಾಗ ಮರಿಗಳ ರಕ್ತ ತೆಗೆದು ನೋಡಿದರು. 1994ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅಪೋಪ್ಕಾದ ಹೆಣ್ಣುಮರಿಗಳಲ್ಲಿ ಸ್ತ್ರೀ ಹಾರ್ಮೋನಾದ ಎಸ್ಟ್ರಡಯಾಲ್ ವುಡ್ರಫ್‌ನ ಹೆಣ್ಣುಗಳಿಗಿಂತ ಹೆಚ್ಚುಕಡಿಮೆ ಎರಡರಷ್ಟು. ಗಂಡುಮರಿಗಳಲ್ಲಿ ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ, ಅಂದರೆ ಹೆಣ್ಣುಮರಿಗಳಲ್ಲಿ ಇರುವಷ್ಟೇ. ಹೆಣ್ಣುಗಳ ಅಂಡಾಶಯದಲ್ಲಿ, ಒಂದು ಅಂಡವಷ್ಟೇ ಬೆಳೆಯಬೇಕಾದ ಪುಟ್ಟ ಚೀಲದಂಥ ಕೋಶಿಕೆಯೊಳಗೆ ಹಲವು ಅಂಡಗಳು ತುಂಬಿಕೊಂಡಿದ್ದವು. ಗಂಡುಗಳ ವೃಷಣದ ರಚನೆ ಅಸ್ತವ್ಯಸ್ತವಾಗಿತ್ತು, ಜನನಾಂಗ ಚಿಕ್ಕದಾಗಿತ್ತು. ಪತ್ರಿಕೆಗಳು ಈ ಕೊನೆಯ ಸಂಗತಿಯನ್ನು ಮಾತ್ರ ಹಿಡಿದುಕೊಂಡು ಚಪ್ಪರಿಸಿದವು.

ಇಷ್ಟು ಅಲ್ಪ ಪ್ರಮಾಣದ ವಸ್ತು ಇಷ್ಟೆಲ್ಲ ಮಾಡುವುದು ಹೇಗೆ? ಅಲಿಗೇಟರಿನ ಹುಟ್ಟಿನ ರೀತಿಯಲ್ಲೇ ಅದರ ಸುಳಿವಿದೆ. ಅದಕ್ಕೆ ನಮ್ಮಂತೆ ಲಿಂಗ ನಿರ್ಧರಿಸುವ ವರ್ಣತಂತುಗಳಿಲ್ಲ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಗೂಡಿನ ಬಿಸಿ. 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಣ್ಣು, 33ರ ಆಸುಪಾಸಿನಲ್ಲಿ ಗಂಡು. ಮೂರು ಡಿಗ್ರಿಯ ಅಂತರ, ಅಷ್ಟೇ. ನಮಗೆ ಮೈ ಮೂರು ಡಿಗ್ರಿ ಬಿಸಿಯಾದರೆ ಜ್ವರ ಅನ್ನುತ್ತೇವೆ, ಅಲ್ಲಿ ಅದೇ ಅಂತರಕ್ಕೆ ಮಗಳು ಮಗನಾಗುತ್ತಾನೆ. ಬಿಸಿಯ ಈ ಸುದ್ದಿಯನ್ನು ಭ್ರೂಣದ ಅಂಗಾಂಗಗಳಿಗೆ ಮುಟ್ಟಿಸುವುದು ಹಾರ್ಮೋನು. 33 ಡಿಗ್ರಿಯಲ್ಲಿಟ್ಟ ಮೊಟ್ಟೆಯ ಚಿಪ್ಪಿಗೆ, ಲಿಂಗ ತೀರ್ಮಾನವಾಗುವ ಆ ಕೆಲವೇ ದಿನಗಳಲ್ಲಿ, ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನನ್ನು ಒಂದಿಷ್ಟು ಸವರಿದರೆ ಗಂಡಾಗಬೇಕಾದ ಮರಿ ಹೆಣ್ಣಾಗಿ ಹೊರಬರುತ್ತದೆ. ಡಿಡಿಇಯಂಥ ವಸ್ತುಗಳು ಇಲ್ಲಿಯೇ ಕೈಯಾಡಿಸುತ್ತವೆ. ಪುರುಷ ಹಾರ್ಮೋನು ಜೀವಕೋಶದಲ್ಲಿ ಹೋಗಿ ಕೂರಬೇಕಾದ ಜಾಗದಲ್ಲಿ ಡಿಡಿಇ ಮೊದಲೇ ಕೂತುಬಿಡುತ್ತದೆ. ಬಸ್ಸಿನ ಸೀಟಿನ ಮೇಲೆ ಯಾರೋ ಟವೆಲ್ ಹಾಕಿ ಹೋದ ಹಾಗೆ. ಕೂತದ್ದು ತಾನೂ ಕೆಲಸ ಮಾಡುವುದಿಲ್ಲ, ಕೆಲಸ ಮಾಡುವವನಿಗೂ ಬಿಡುವುದಿಲ್ಲ.

ಕೀಟನಾಶಕವನ್ನು ಅಳೆಯುವ ನಮ್ಮ ಹಳೆಯ ತಕ್ಕಡಿಯೇ ಸರಿಯಿರಲಿಲ್ಲ ಎಂದು ನನಗನ್ನಿಸುವುದು ಇದಕ್ಕೇ. ಎಷ್ಟು ಕೊಟ್ಟರೆ ಪ್ರಾಣಿ ಸಾಯುತ್ತದೆ, ಎಷ್ಟು ಕೊಟ್ಟರೆ ಕ್ಯಾನ್ಸರ್ ಬರುತ್ತದೆ ಎಂದು ನೋಡುತ್ತಿದ್ದರೇ ಹೊರತು, ಬದುಕಿಯೇ ಇರುವ ಪ್ರಾಣಿ ಮರಿ ಹಾಕಬಲ್ಲುದೇ ಎಂದು ಕೇಳುತ್ತಿದ್ದವರು ಕಡಿಮೆ. ಅಪೋಪ್ಕಾದ ತಾಯಿ ಅಲಿಗೇಟರು ಸತ್ತಿರಲಿಲ್ಲ. ಹಳೆಯ ತಕ್ಕಡಿಯಲ್ಲಿ ಆಕೆ ಆರೋಗ್ಯವಂತಳೇ.

ಗಿಲೆಟ್ ಅವರು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ, ಈ ಕೋಣೆಯಲ್ಲಿರುವ ಪ್ರತಿಯೊಬ್ಬ ಗಂಡಸೂ ತನ್ನ ಅಜ್ಜನ ಅರ್ಧದಷ್ಟೇ ಗಂಡಸು ಎಂಬರ್ಥದ ಮಾತಾಡಿದರು. ಮನುಷ್ಯರಲ್ಲಿ ವೀರ್ಯಾಣುಗಳ ಸಂಖ್ಯೆ ಕುಸಿದಿದೆಯೆಂಬ ವರದಿ ಆ ಮಾತಿನ ಹಿಂದಿತ್ತು. ಅದರ ಬಗ್ಗೆ ವಿಜ್ಞಾನಿಗಳ ಜಗಳ ಇಂದಿಗೂ ಮುಗಿದಿಲ್ಲ. ಸಭೆಯನ್ನು ಎಚ್ಚರಿಸಲು ಒಳ್ಳೆಯ ಮಾತು, ಆದರೆ ಅಲಿಗೇಟರಿನ ಮೊಟ್ಟೆಯಿಂದ ನೇರ ಮನುಷ್ಯನಿಗೆ ಜಿಗಿಯಲು ನಾನಂತೂ ಹಿಂಜರಿಯುತ್ತೇನೆ.

ಎಲ್ಲ ತಪ್ಪನ್ನೂ ಒಂದು ಕಾರ್ಖಾನೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ಆಗಲಿಲ್ಲ. 1940ರ ದಶಕದಲ್ಲೇ ಸರೋವರದ ಉತ್ತರ ದಂಡೆಯ ಜೌಗು ನೆಲಕ್ಕೆ ಏರಿ ಹಾಕಿ, ನೀರು ಬಸಿದು, ತರಕಾರಿ ಬೆಳೆಯತೊಡಗಿದ್ದರು. ಕಪ್ಪು ಮಣ್ಣು, ಭರ್ಜರಿ ಫಸಲು, ದಶಕಗಟ್ಟಲೆ ಔಷಧಿ. ನಮ್ಮಲ್ಲೂ ರೈತರು ವಿಷವನ್ನು ಔಷಧಿ ಎಂದೇ ಕರೆಯುತ್ತಾರಲ್ಲ, ಆ ಔಷಧಿ. 1990ರ ದಶಕದಲ್ಲಿ ಸರ್ಕಾರ ಆ ಹೊಲಗಳನ್ನು ಕೊಂಡು, ಮತ್ತೆ ಜೌಗು ಮಾಡಲೆಂದು ನೀರು ಬಿಟ್ಟಿತು. 1998ರ ಚಳಿಗಾಲಕ್ಕೆ ಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿದವು. ಆ ನೀರಿನ ಮೀನು ತಿಂದು, ಬಿಳಿ ಹೆಜ್ಜಾರ್ಲೆಗಳೇ ಹೆಚ್ಚಾಗಿ, 600ಕ್ಕೂ ಮಿಕ್ಕಿ ಹಕ್ಕಿಗಳು ಸತ್ತವು. ಮಣ್ಣು ಏನನ್ನೂ ಮರೆತಿರಲಿಲ್ಲ.

ಡೈಕೋಫಾಲ್ ನಮಗೆ ಅಪರಿಚಿತವೇನಲ್ಲ. ಭಾರತದಲ್ಲಿ ಅದು ತಯಾರಾಗುತ್ತಿತ್ತು. ಚಹಾ, ಹತ್ತಿಯ ನುಸಿಗೆ ಬಹಳ ಕಾಲ ಸಿಂಪಡಿಸಿದ್ದಾರೆ. 2019ರಲ್ಲಿ, ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಅದು ಸೇರಿತು, 2023ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ನಿಷೇಧಿಸಿತು. ರಂಗನತಿಟ್ಟಿನ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಯ ಮರಿ ಗಂಡೋ ಹೆಣ್ಣೋ ಎಂಬುದನ್ನೂ ಮರಳಿನ ಬಿಸಿಯೇ ತೀರ್ಮಾನಿಸುತ್ತದೆ.

ಅಪೋಪ್ಕಾದ ಹೊಲಗಳನ್ನು ಮುಚ್ಚಿದಾಗ ಸುಮಾರು ಎರಡೂವರೆ ಸಾವಿರ ಕೂಲಿಕಾರರ ಕೆಲಸ ಹೋಯಿತು. ಹೆಚ್ಚಿನವರು ಕಪ್ಪು ಜನರು, ಮೆಕ್ಸಿಕೊ ಮತ್ತು ಹೈಟಿಯಿಂದ ಬಂದವರು. ಔಷಧಿ ಹೊಡೆದ ಹೊಲದಲ್ಲಿ ಬಾಗಿ ತರಕಾರಿ ಕಿತ್ತವರು. ಆಮೇಲೆ ಅವರಲ್ಲಿ ಅನೇಕರು ಚರ್ಮರೋಗ, ಮೂತ್ರಪಿಂಡದ ತೊಂದರೆ ಎಂದು ಹೇಳಿಕೊಂಡರು. ಅವರ ದೂರು ಒಂದೇ ಆಗಿತ್ತು. ಅಲಿಗೇಟರಿನ ರಕ್ತ ಪರೀಕ್ಷಿಸಿದಿರಿ, ಹಕ್ಕಿಗಳನ್ನು ಕೊಯ್ದು ನೋಡಿದಿರಿ, ನಮ್ಮನ್ನು ಮಾತ್ರ ಯಾರೂ ಕೇಳಲಿಲ್ಲವಲ್ಲ ಎಂದು.

ನಮಸ್ಕಾರ.