ಬ್ರೆಜಿಲಿನ ಹಿಮ, ನಮ್ಮ ಮನೆಯ ಜಿಲೇಬಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಎಷ್ಟೋ ಜನ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಇವತ್ತಿನ ಕಾಫಿ ರೇಟ್ ನೋಡುತ್ತಿರುತ್ತೀರಿ. ಅರೇಬಿಕಾ ಜಾತಿಯ ಕಾಫಿ ಆದರೆ ನ್ಯೂಯಾರ್ಕ್ ಮಾರುಕಟ್ಟೆ, ರೋಬಸ್ಟಾ ಜಾತಿ ಆದರೆ ಲಂಡನ್. ನಮ್ಮ ಕಣದಲ್ಲಿ ಒಣಗುವ ಚೆರಿಗೆ, ಅಂದರೆ ಕಾಫಿ ಹಣ್ಣಿಗೆ, ಬೆಲೆ ಕಟ್ಟುವುದು ಅಲ್ಲಿ. ಜಾಗತೀಕರಣ ಅಂದರೆ ಇಷ್ಟೇ, ಪದ ಉದ್ದ ಇದೆ ಅಂತ ಹೆದರಬೇಡಿ.

"ವ್ಯಾಪಾರಕ್ಕೂ ಧರ್ಮಕ್ಕೂ ಏನು ಸಂಬಂಧ ಸಾರ್?" ಅಂತ ಕಾಲೇಜಿನಲ್ಲಿ ಹುಡುಗರು ಕೇಳುತ್ತಿದ್ದರು. ಅಷ್ಟು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ ನನ್ನ ಹತ್ತಿರ ಇರುವ ಉತ್ತರ ಒಂದೇ. ಆ ತುದಿಯಲ್ಲೂ ಒಬ್ಬ ಮನುಷ್ಯ ಇದ್ದಾನೆ. ಇದು ನನಗೆ ಪುಸ್ತಕದಿಂದ ಬಂದದ್ದಲ್ಲ, ನಮ್ಮಜ್ಜಿಯಿಂದ ಬಂದದ್ದು.

1994ರ ಜುಲೈ. ಪುನರ್ವಸು ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅದಕ್ಕೆ ಮುಂಚೆ ಬೆಳೆಗಾರರು ತಮ್ಮ ಮಾಲನ್ನು, ಎಲ್ಲರದ್ದನ್ನೂ ಸೇರಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು. ಆಗಷ್ಟೇ ಒಂದು ಪಾಲನ್ನು ಹೊರಗೆ ಮಾರಲು ಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಸುದ್ದಿ ಬಂತು, ಬ್ರೆಜಿಲಿನಲ್ಲಿ ಎರಡನೇ ಸಲ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಗಿದೆ, ರೇಟ್ ಏರುತ್ತಿದೆ. ನಮ್ಮ ಚಿಕ್ಕಪ್ಪ ಕೊಡೆಯನ್ನೂ ಮಡಚದೆ ಒಳಗೆ ಬಂದರು. ಕೈಯಲ್ಲಿ ಜಿಲೇಬಿ ಪೊಟ್ಟಣ, ಕಾಗದವೆಲ್ಲ ಪಾಕ ಇಳಿದು ಅಂಟಂಟು. ನಾಲ್ಕೆಕರೆ ತೋಟ, ಸೊಸೈಟಿ ಸಾಲ. ಖುಷಿ ಆಗದೆ ಇರುತ್ತಾ?

ಅಜ್ಜಿ ಒಲೆ ಮುಂದೆ ಕೂತಿದ್ದರು. "ಹಿಮ ಬಿದ್ದರೆ ಗಿಡ ಏನಾಗುತ್ತೋ?" ಅಂದರು.

"ಎಲೆಯೆಲ್ಲ ಕರ್ರಗಾಗುತ್ತೆ ಅಮ್ಮ. ಜಾಸ್ತಿ ಬಿದ್ದರೆ ಬುಡದವರೆಗೂ ಹೋಗುತ್ತೆ. ಮತ್ತೆ ಸಸಿ ಇಟ್ಟು ಮೂರ್ನಾಲ್ಕು ವರ್ಷ ಕಾಯಬೇಕು."

"ಹಾಗಾದರೆ ಆ ತೋಟದವರು?"

ಚಿಕ್ಕಪ್ಪ ಸುಮ್ಮನಾದರು. "ಅವರಿಗೆ ಸಾವಿರಾರು ಎಕರೆ ಇರುತ್ತೆ ಬಿಡು" ಅಂದರು ಆಮೇಲೆ. ಅದು ಸುಳ್ಳು. ಅಲ್ಲೂ ನಮ್ಮ ಹಾಗೇ ಸಣ್ಣ ಹಿಡುವಳಿಯವರು ಬೇಕಾದಷ್ಟು ಜನ ಇದ್ದಾರೆ. ಚಿಕ್ಕಪ್ಪನಿಗೂ ಗೊತ್ತಿತ್ತು ಅಂತ ನನ್ನ ಗುಮಾನಿ. ಅಜ್ಜಿ ಜಿಲೇಬಿಯನ್ನು ತಟ್ಟೆಯಲ್ಲಿ ಹಾಗೇ ಇಟ್ಟು ಎದ್ದುಹೋದರು. ಸಂಜೆ ತಿಂದರು, ಸುಳ್ಳು ಯಾಕೆ ಹೇಳಲಿ. ಸಿಹಿ ಬಿಡುವವರಲ್ಲ ಅವರು.

ಆ ವರ್ಷ ಸಾಲ ತೀರಿತು, ಮನೆಗೆ ಜೀಪೂ ಬಂತು. ಅದಾಗಿ ಏಳು ವರ್ಷಕ್ಕೆ, 2001ರಲ್ಲಿ, ರೇಟ್ ಪಾತಾಳಕ್ಕೆ ಹೋಯಿತು. ಜೀಪು ಮಾರಿದೆವು. ಆಗ ನಾವೆಲ್ಲ ಬೈದದ್ದು ಯಾರನ್ನು? ವಿಯೆಟ್ನಾಮಿನವರನ್ನು. ಜಾಸ್ತಿ ಬೆಳೆದರಂತೆ! ಬೆಳೆಯದೆ ಇನ್ನೇನು ಮಾಡಬೇಕಿತ್ತು ಅವರು? 2024ರಲ್ಲಿ ಅದೇ ವಿಯೆಟ್ನಾಮಿನಲ್ಲಿ ಬರ ಬಿದ್ದು ರೋಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪಟಾಕಿ ಚಿತ್ರಗಳು. ಒಬ್ಬರಾದರೂ "ಪಾಪ" ಅನ್ನಬಾರದಾ? ಬಂದ ದುಡ್ಡು ಬೇಡ ಅನ್ನಿ ಅಂತ ನಾನು ಹೇಳುತ್ತಿಲ್ಲ. ಆ ತುದಿಯಲ್ಲೂ ಒಬ್ಬ ಮನುಷ್ಯ ಇದ್ದಾನೆ, ಅಷ್ಟೇ.

ಆ ತುದಿ ಅಂದರೆ ಬ್ರೆಜಿಲೇ ಆಗಬೇಕಿಲ್ಲ. ನಿಮ್ಮ ತೋಟದ ಕೂಲಿಯವರು ಇರುವ ಲೈನ್ ಮನೆಯೂ ಒಂದು ತುದಿ. ರೇಟ್ ಬಿದ್ದಾಗ ಮೊದಲು ಕಡಿಮೆ ಮಾಡುವುದು ಕೂಲಿಯವರ ಕೆಲಸದ ದಿನ. ರೇಟ್ ಏರಿದಾಗ ಮೊದಲು ಏರಿಸುವುದು ಕೂಲಿಯನ್ನಾ? ನೀವೇ ಹೇಳಿ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು. ಕಾಯಕ, ದಾಸೋಹ ಅಂತ ಭಾಷಣ ಮಾಡುವವರು ಈ ಕತೆಯನ್ನು ರಫ್ತಿನ ಲೆಕ್ಕದ ಪಕ್ಕ ಇಟ್ಟು ಓದುವುದಿಲ್ಲ. ಇದರ ಬಗ್ಗೆ ಇನ್ನೂ ಹೇಳುವುದಿತ್ತು. ಆದರೆ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತೆ. ಅಜ್ಜಿ ಕತೆ ಉದ್ದವಾಯಿತು.

1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕಾಫಿ ಪೊಟ್ಟಣದ ಮೇಲೆ ನ್ಯಾಯದ ಬೆಲೆಯ ಮುದ್ರೆ ಹಾಕಲು ಶುರು ಮಾಡಿದರು. ಬೆಳೆದವನಿಗೆ ಇಷ್ಟಕ್ಕಿಂತ ಕಡಿಮೆ ಕೊಡುವುದಿಲ್ಲ ಅನ್ನುವ ಒಪ್ಪಂದ ಅದು. ಅದರಲ್ಲಿ ಒಳ್ಳೆಯದೂ ಇದೆ, ತಕರಾರೂ ಇದೆ. ಇನ್ನೊಮ್ಮೆ ಕರೆದರೆ ಅದನ್ನೇ ಮಾತಾಡುತ್ತೇನೆ. ಕಾಫಿ ಆರಿಹೋದೀತು, ಕುಡಿಯಿರಿ. ನಮಸ್ಕಾರ.