ದರ್ಬಾರಿಯ ಗಂಧಾರ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಬಂತೆಂದರೆ ಶಾಲು ಹೊದ್ದು ಸವಾಯಿ ಗಂಧರ್ವ ಉತ್ಸವಕ್ಕೆ ಹೊರಡುವವರೇ ಇಲ್ಲಿ ಜಾಸ್ತಿ ಇದ್ದೀರಿ. ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಇದೇ ಪುಣೆಯಲ್ಲಿ ಶುರು ಮಾಡಿದ ಉತ್ಸವ ಅದು. ಹಾಗಾಗಿ ಸರಿಗಮಪದನಿ ಎಂದರೆ ಷಡ್ಜ, ರಿಷಭ, ಗಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಂದು ನಿಮಗೆ ಹೇಳಬೇಕಿಲ್ಲ. ಹಾಡಿದ ಸ್ವರವನ್ನು ಅಳೆಯಲು ಹೊರಟರೆ ಏನಾಗುತ್ತದೆ, ಅದನ್ನಷ್ಟೇ ಇವತ್ತು ನೋಡೋಣ.

ಈ ಅಳೆಯುವ ಆಸೆ ನಮ್ಮ ಸುತ್ತಮುತ್ತ ಹಳೆಯದು. ಸಾಂಗ್ಲಿಯ ಕೆ. ಬಿ. ದೇವಲ್ ನೂರು ವರ್ಷಗಳಿಗೂ ಹಿಂದೆ ಸಪ್ತಕದೊಳಗಿನ 22 ಸೂಕ್ಷ್ಮ ಸ್ವರಸ್ಥಾನಗಳ, ಅಂದರೆ ಶ್ರುತಿಗಳ, ಲೆಕ್ಕಕ್ಕೆ ಕೂತಿದ್ದರು. ಅವರಿಗೆ ನೆರವಾದವರು ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್.

ಈಗ ಕೆಲಸ ಕಂಪ್ಯೂಟರಿನದು. ದನಿಯ ಕಂಪನವನ್ನು ಅದು ಸೆಕೆಂಡಿಗೆ ಸುಮಾರು ನೂರು ಸಲ ಅಳೆದು ಒಂದು ಗೆರೆ ಎಳೆಯುತ್ತದೆ. ಆದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಹರ್ಟ್ಸ್ ಲೆಕ್ಕ ನಮಗೆ ಅಷ್ಟಾಗಿ ಉಪಯೋಗವಿಲ್ಲ. ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುವವರ ಷಡ್ಜ ಸುಮಾರು 139, ಮೇಲಿನ ಸಪ್ತಕದ ತಾರ ಷಡ್ಜ 277. ಬೇರೆ ಶ್ರುತಿ ಹಿಡಿದವರ ಅಂಕಿಗಳೇ ಬೇರೆ. ಅದಕ್ಕೇ ಸೆಂಟ್ ಎನ್ನುವ ಅಳತೆ. ಷಡ್ಜ ಸೊನ್ನೆ, ತಾರ ಷಡ್ಜ 1200, ಪಂಚಮ 702. ಯಾರ ಕಂಠವಾದರೂ ಒಂದೇ ಅಳತೆಗೋಲು. ಹಾರ್ಮೋನಿಯಂನ ಶುದ್ಧ ಗಂಧಾರ 400ರಲ್ಲಿ ಕೂತಿರುತ್ತದೆ. ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿಯಿಂದ ತಾನಾಗಿಯೇ ಹೊಮ್ಮುವ ಗಂಧಾರ ಮಾತ್ರ 386. ಹದಿನಾಲ್ಕೇ ಸೆಂಟ್ ಅಂತರ. ಆದರೂ ತಂಬೂರಿಯ ಹತ್ತಿರ ಕೂತವರಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ, ಅಲ್ವಾ?

ಯಂತ್ರಕ್ಕೆ ತೊಡಕುಗಳಿವೆ. ಜವಾರಿ, ಅಂದರೆ ಝೇಂಕಾರ, ತುಂಬಿದ ತಂಬೂರಿ, ಹಿಂದಿನಿಂದ ಬರುವ ಹಾರ್ಮೋನಿಯಂ, ಇವುಗಳ ನಡುವಿನಿಂದ ಕಂಠವನ್ನಷ್ಟೇ ಎತ್ತಬೇಕು. ಕೆಲವೊಮ್ಮೆ ಅದು ಒಂದು ಸಪ್ತಕ ಮೇಲೆ ಅಥವಾ ಕೆಳಗೆ ಹಾರಿಬಿಡುತ್ತದೆ. ‘ಆ’ ಎಂದು ಹಾಡುವ ಆಕಾರದಲ್ಲಿ ಗೆರೆ ಹರಿಯುತ್ತದೆ, ಬಂದಿಶಿನ (ಹಾಡಿನ ಸಾಹಿತ್ಯದ) ವ್ಯಂಜನಗಳಲ್ಲಿ ಕಡಿಯುತ್ತದೆ. ಇವೆಲ್ಲ ಸರಿಪಡಿಸಬಹುದಾದ ತೊಡಕುಗಳು.

ನಿಜವಾದ ಕಷ್ಟ ಶುರುವಾಗುವುದು ದರ್ಬಾರಿ ರಾಗದಲ್ಲಿ. ಅದರ ಕೋಮಲ (ತಗ್ಗಿನ) ಗಂಧಾರ ಎಷ್ಟು ಸೆಂಟ್? ಗೆರೆ ನೋಡಿದರೆ ಅಲ್ಲಿ ನಿಂತ ಸ್ವರವೇ ಕಾಣುವುದಿಲ್ಲ. ಮಧ್ಯಮದ ಕಡೆಯಿಂದ ಇಳಿದು, ರಿಷಭದತ್ತ ವಾಲಿ, ಮತ್ತೆ ಏಳುವ ನಿಧಾನದ ಅಲೆ ಕಾಣುತ್ತದೆ. ಸರಾಸರಿ ತೆಗೆದರೆ ಒಂದು ಸಂಖ್ಯೆ ಖಂಡಿತ ಸಿಗುತ್ತದೆ. ಆದರೆ ಗಾಯಕರು ಆ ಜಾಗದಲ್ಲಿ ನಿಲ್ಲುವುದೇ ಇಲ್ಲ, ಸುಮ್ನೆ ದಾಟಿಹೋಗುತ್ತಾರೆ! ಆ ಸಂಖ್ಯೆಯನ್ನು ಅಲುಗಾಡದೆ ಹಾಡಿ ನೋಡಿ. ದರ್ಬಾರಿ ಓಡಿಹೋಗುತ್ತದೆ. ಈ ತೂಗಾಟ, ಅಂದರೆ ಆಂದೋಲನ, ಸ್ವರಕ್ಕೆ ಆಮೇಲೆ ತೊಡಿಸಿದ ಒಡವೆ ಎಂದು ಕೆಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ದರ್ಬಾರಿಯಲ್ಲಿ ಆ ಅಲೆಯೇ ಗಂಧಾರ. ಅದು ಎಲ್ಲಿಂದ ಬಂತು, ಎಷ್ಟು ಹೊತ್ತು ತೂಗಿತು, ಎಲ್ಲಿಗೆ ಇಳಿಯಿತು, ಇವನ್ನು ಕೇಳದೆ ಬರೀ ಎತ್ತರ ಕೇಳಿದರೆ ಉತ್ತರ ಅರ್ಧವೇ.

ಸ್ಥಿರ ಸ್ವರಗಳಲ್ಲೂ ಒಂದೇ ಸಂಖ್ಯೆ ಸಿಗುವುದಿಲ್ಲ. ಸಂಶೋಧಕರಾದ ಜೈರಾಜಭಾಯ್ ಮತ್ತು ಸ್ಟೋನ್ 1963ರಲ್ಲಿ ಪ್ರಕಟಿಸಿದ ಅಳತೆಗಳಲ್ಲೇ ಸ್ವರಸ್ಥಾನ ಕಲಾವಿದರಿಂದ ಕಲಾವಿದರಿಗೆ ಬದಲಾಗುವುದು ಕಂಡಿತ್ತು. ಹಾಗೆಂದು ಅದನ್ನು ಬೇಸುರ ಎನ್ನಲು ನನಗೆ ಮನಸ್ಸಿಲ್ಲ. ರಾಗದ ಸಂದರ್ಭವೇ ಸ್ವರವನ್ನು ಚೂರು ಎಳೆಯುತ್ತದೆ.

ಇನ್ನು ಮಾರವಾ ಮತ್ತು ಪೂರಿಯಾ ರಾಗಗಳು. ಎರಡಕ್ಕೂ ಆರೇ ಸ್ವರ, ಅವೇ ಸ್ವರ: ಕೋಮಲ ರಿಷಭ, ತೀವ್ರ (ಏರಿಸಿದ) ಮಧ್ಯಮ, ಪಂಚಮವಿಲ್ಲ. ಯಾವ ಸ್ವರದಲ್ಲಿ ಎಷ್ಟು ಹೊತ್ತು ಕಳೆದರು ಎಂದು ಕಂಪ್ಯೂಟರ್ ಎಣಿಸಿ ಕೊಟ್ಟರೆ ಒಂದಷ್ಟು ವ್ಯತ್ಯಾಸ ಕಾಣುತ್ತದೆ. ಹೆಚ್ಚು ಹೊತ್ತು ಕಳೆದ ಸ್ವರ ಚಿತ್ರದಲ್ಲಿ ಗುಡ್ಡದಂತೆ ಏಳುತ್ತದೆ: ಮಾರವಾದಲ್ಲಿ ರಿಷಭ ಧೈವತಗಳ ಗುಡ್ಡ ಎತ್ತರ, ಪೂರಿಯಾದಲ್ಲಿ ಗಂಧಾರ ನಿಷಾದಗಳದು. ಆದರೆ ಆ ಎಣಿಕೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಅಳಿಸಿಹೋಗಿರುತ್ತದೆ. ಮಾರವಾದವರು ಷಡ್ಜವನ್ನು ಎಷ್ಟು ಹೊತ್ತು ಬಿಟ್ಟಿರುತ್ತಾರೆ, ಕೊನೆಗೆ ಬಂದು ಮುಟ್ಟಿದಾಗ ಏನಾಗುತ್ತದೆ, ಅದು ಗುಡ್ಡಗಳ ಚಿತ್ರದಲ್ಲಿ ಇಲ್ಲ. ಹರಿಯುವ ಗೆರೆಯಲ್ಲಿ ಇದೆ.

ಮುಂಬೈಯ ಪ್ರದರ್ಶನ ಕಲೆಗಳ ಕೇಂದ್ರ ಎನ್‌ಸಿಪಿಎ ಸಂಸ್ಥೆಯಲ್ಲಿ ಸುವರ್ಣಲತಾ ರಾವ್ ಅವರು ವಿಮ್ ವಾನ್ ಡರ್ ಮೇರ್ ಅವರ ಜೊತೆ ಈ ಬಗೆಯ ಗೆರೆಗಳನ್ನು ಹಾಡಿನ ಜೊತೆಗೇ ಓಡುವಂತೆ ಮಾಡಿದ್ದಾರೆ. ಸಂಗೀತ ಕಲಿಯುವ ಮಕ್ಕಳಿರುವ ಮನೆಯವರು ದಯವಿಟ್ಟು ತೋರಿಸಿ. ಆದರೆ ಮೊದಲು ಕೇಳಿಸಿ, ಆಮೇಲೆ ತೋರಿಸಿ. ಗೆರೆ ಮೊದಲು ಕಂಡರೆ ಕಿವಿ ಸೋಮಾರಿಯಾಗುತ್ತದೆ.

ಈಗ ಎರಡು ಆಲಾಪ ಹಾಕುತ್ತೇನೆ, ಪರದೆ ಆರಿಸಿಯೇ. ಮಾರವಾ ಯಾವುದು, ಪೂರಿಯಾ ಯಾವುದು, ನೀವೇ ಹೇಳಿ. ಎರಡನೇ ಸಲ ಗೆರೆ ತೋರಿಸುತ್ತೇನೆ.